ಮಾನ್ಯತೆ, ಮನ್ನಣೆ: ಹೊಸ ಸಮರಕಲೆಗೆ ಸಿಗುವುದು ಯಾವುದು?

ಗೆಳೆಯರೇ,

ಸಮರಕಲೆಗಳ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಹೊಸ ಶೈಲಿಯೊಂದು ಹುಟ್ಟಿದ ಮೇಲೆ ಉಳಿದವರು ಅದನ್ನು ಹೇಗೆ ಒಪ್ಪಿಕೊಳ್ಳುತ್ತಾರೆ ಅನ್ನೋದು ವಿಷಯ. ಬರೆದವರು ಎಲ್ಲಾ ಕಡೆ 'ಮಾನ್ಯತೆ' ಅಂತ ಹಾಕಿದ್ದಾರೆ. ನಾನು ಅರ್ಧ ಕಡೆ ಅದನ್ನು ಹೊಡೆದು 'ಮನ್ನಣೆ' ಮಾಡಿದೆ. ಎರಡೂ ಒಂದೇ ಅಲ್ವಾ, ಸುಮ್ನೆ ಯಾಕೆ ತಿದ್ದಿದಿರಿ ಅಂತ ಈಗ ಕೇಳುತ್ತಿದ್ದಾರೆ.

ನನ್ನ ಕಿವಿಗೆ ಒಂದೇ ಅಲ್ಲ. ಮಾನ್ಯತೆಯನ್ನು ಯಾರೋ ಕೊಡಬೇಕು, ಕೊಟ್ಟವರು ರದ್ದೂ ಮಾಡಬಹುದು. 'ಮನ್ನಣೆ ರದ್ದಾಯಿತು' ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಬರಹದಲ್ಲೇ ಇರುವ ಉದಾಹರಣೆ ನೋಡಿ. 1930ರಲ್ಲಿ ಜಪಾನಿನ ಓಕಿನಾವಾ ದ್ವೀಪದ ಕರಾಟೆ ಗುರು ಚೋಜುನ್ ಮಿಯಾಗಿಯವರ ಶಿಷ್ಯ ಜಿನಾನ್ ಶಿಂಜಾಟೊ ಟೋಕಿಯೋದಲ್ಲಿ ಪ್ರದರ್ಶನ ಕೊಟ್ಟರು. ನಿಮ್ಮದು ಯಾವ ಶೈಲಿ ಅಂತ ಯಾರೋ ಕೇಳಿದರಂತೆ. ಹೆಸರೇ ಇರಲಿಲ್ಲ! ಏನೋ ಒಂದು ಹೇಳಿ ಪಾರಾದರಂತೆ. ಆಮೇಲೆ ಮಿಯಾಗಿ ಅದಕ್ಕೆ ಗೋಜು-ರ್ಯು, ಅಂದರೆ ಗಡಸು ಮೆದು ಎರಡೂ ಸೇರಿದ ಶೈಲಿ, ಅಂತ ಹೆಸರಿಟ್ಟು 1933ರಲ್ಲಿ ಜಪಾನಿನ ಸಮರಕಲೆಗಳ ಸಂಸ್ಥೆ ದಾಯ್ ನಿಪ್ಪೊನ್ ಬುತೊಕು ಕಾಯ್‌ನಲ್ಲಿ ನೋಂದಾಯಿಸಿದರು. ಇದು ಮಾನ್ಯತೆ, ತಕರಾರಿಲ್ಲ.

ಇನ್ನೊಂದು, ಬ್ರೆಜಿಲಿಯನ್ ಜಿಯು-ಜಿಟ್ಸು, ಅಂದರೆ ಎದುರಾಳಿಯನ್ನು ನೆಲಕ್ಕೆ ಕೆಡವಿ ಪಟ್ಟು ಹಾಕಿ ಸೋಲಿಸುವ ಶೈಲಿ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ (ಬೇರೆ ಬೇರೆ ಶೈಲಿಯವರು ಪರಸ್ಪರ ಸೆಣಸುವ ಪಂದ್ಯಾವಳಿ) ಈ ಶೈಲಿಯ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಆಮೇಲೆ ಗುದ್ದುವವರು, ಒದೆಯುವವರು ಕೂಡ ನೆಲದ ಪಟ್ಟು ಕಲಿಯೋಕೆ ಬಂದರು. ಯಾವ ಸಮಿತಿಯೂ ಕೂತು ಠರಾವು ಮಾಡಲಿಲ್ಲ. ಇದಕ್ಕೂ 'ಮಾನ್ಯತೆ ಸಿಕ್ಕಿತು' ಅಂದರೆ ಎಲ್ಲೋ ಮೊಹರು ಬಿದ್ದ ಹಾಗೆ ಕೇಳುತ್ತೆ. ಇದು ಮನ್ನಣೆ. (ಮನ್ನಣೆಯ ಜೊತೆಯ 'ಮನ್ನಿಸು' ಈಗ ಜಾಸ್ತಿ ಕ್ಷಮಿಸು ಅನ್ನೋ ಅರ್ಥಕ್ಕೇ ಜಾರಿದೆ, ಅದು ಬೇರೆ ಕಥೆ.)

ನಿಜವಾದ ತೊಡಕು ಮೂರನೆಯದು: ಇಂಗ್ಲಿಷಿನಲ್ಲಿ ಲೆಜಿಟಿಮೆಸಿ (legitimacy) ಅನ್ನುವುದು. ಸರ್ಟಿಫಿಕೇಟೂ ಇದೆ, ಶಿಷ್ಯರೂ ಇದ್ದಾರೆ, ಆದರೂ ಇದು ನಿಜಕ್ಕೂ ಒಂದು ವಿದ್ಯೆಯೋ, ನಾಲ್ಕು ಕಡೆಯ ಪಟ್ಟು ಸೇರಿಸಿ ತಾವೇ ಕಪ್ಪು ಬೆಲ್ಟ್ ಕಟ್ಟಿಕೊಂಡದ್ದೋ ಅಂತ ಒಳಗಿನವರು ಅನುಮಾನ ಪಡುತ್ತಾರಲ್ಲ, ಅಲ್ಲಿ ಬೇಕಾದ ಪದ. 'ಸಿಂಧುತ್ವ' ಕಚೇರಿ ಕಾಗದದ ವಾಸನೆ ಹೊಡೆಯುತ್ತೆ. 'ಅಧಿಕೃತ' ಅಂದರೆ ಮತ್ತೆ ಮಾನ್ಯತೆಗೇ ವಾಪಸ್. 'ಅಸಲಿತನ' ಹತ್ತಿರ ಬರುತ್ತೆ, ಆದರೆ ಈಗಷ್ಟೇ ಹುಟ್ಟಿದ್ದಕ್ಕೆ ಅಸಲು ಯಾವುದು, ನಕಲು ಯಾವುದು? ಸದ್ಯಕ್ಕೆ 'ಬಲ್ಲವರು ಒಪ್ಪುವಂಥದ್ದು' ಅಂತ ಬಿಡಿಸಿ ಬರೆದಿದ್ದೇನೆ. ಒಂದೇ ಪದದಲ್ಲಿ ಹೇಳೋಕೆ ಆಗುತ್ತಾ? ಹೊಳೆದರೆ ತಿಳಿಸಿ.