ಇಗುವಾನ ಮರಿಗೆ ಮೊದಲು ಬಿಸಿ, ಆಮೇಲೆ ನೀರು, ಊಟ ಕೊನೆಗೆ

ಪುಟ್ಟಿ, ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ ಸಂದೇಶವನ್ನು ಓದಿದೆ, ವೀಡಿಯೊವನ್ನು ಮೂರು ಸಲ ನೋಡಿದೆ. ನಿಮ್ಮ ಸಾಕುಹಲ್ಲಿ, ಐದು ತಿಂಗಳ ಇಗುವಾನ ಮರಿ, ನಾಲ್ಕು ದಿನದಿಂದ ಸೊಪ್ಪು ಮುಟ್ಟಿಲ್ಲ, ಹಿಂಗಾಲುಗಳನ್ನು ಎಳೆದುಕೊಂಡು ನಡೆಯುತ್ತಿದೆ, ಕಾಲ್ಬೆರಳುಗಳು ತಾವಾಗಿಯೇ ಅದುರುತ್ತಿವೆ ಎಂದು ಬರೆದಿದ್ದೀಯ. ಮೊಟ್ಟೆಯ ಹಳದಿಯನ್ನು ಸಿರಿಂಜಿನಲ್ಲಿ ಬಾಯಿಗೆ ಹಾಕಬಹುದೇ ಎಂದು ಅತ್ತಿಗೆ ಕೇಳಿದ್ದಾರೆ. ಅತ್ತಿಗೆ, ದಯವಿಟ್ಟು ಹಾಕಬೇಡಿ. ಏಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಆದರೂ ಇಬ್ಬರೂ ಕೊನೆಯವರೆಗೆ ಕೇಳಿ.

ಎಲ್ಲಕ್ಕಿಂತ ಮೊದಲಿನ ಮಾತು: ಬೆರಳು ಅದುರುವುದೆಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಬಹಳ ಇಳಿದಿರುವ ಸಾಧ್ಯತೆ ಹೆಚ್ಚು. ಅದನ್ನು ಹಾಗೆಯೇ ಬಿಟ್ಟರೆ ಇಡೀ ಮೈ ಸೆಟೆದುಕೊಳ್ಳುವ ಸ್ಥಿತಿಗೆ ಹೋಗಬಹುದು. ಆದ್ದರಿಂದ ನಾಳೆ ನಾಡಿದ್ದು ಎನ್ನದೆ, ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರ ಬಳಿಗೆ ಇವತ್ತೇ ಕರೆದುಕೊಂಡು ಹೋಗಬೇಕು. ನಾಯಿ, ಬೆಕ್ಕುಗಳನ್ನಷ್ಟೇ ನೋಡುವವರು ಸಿಕ್ಕರೂ ಸರಿ, ಅವರಿಂದ ತಿಳಿದವರ ವಿಳಾಸವನ್ನು ಕೇಳಿ ಪಡೆದುಕೊಳ್ಳಿ. ಮನೆಯಲ್ಲಿ ನಾವು ಮಾಡುವುದೆಲ್ಲ ಅಲ್ಲಿಯವರೆಗೆ ಜೀವ ಹಿಡಿದಿಡುವುದಕ್ಕೆ ಮಾತ್ರ.

ಮೊಟ್ಟೆಯ ವಿಷಯಕ್ಕೆ ಬರುತ್ತೇನೆ. ಇಗುವಾನ ಸಂಪೂರ್ಣ ಸಸ್ಯಾಹಾರಿ. ಪ್ರಾಣಿಜನ್ಯ ಪ್ರೊಟೀನನ್ನು ಕೊಡುತ್ತಾ ಹೋದರೆ ಅದರ ಮೂತ್ರಪಿಂಡಗಳು ಹಾಳಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಮೊಟ್ಟೆಯ ಹಳದಿಯಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಎಷ್ಟೋ ಪಾಲು ಹೆಚ್ಚು. ಈ ಮರಿಗೆ ಬೇಕಾಗಿರುವುದು ಇದರ ತಿರುವುಮುರುವು, ಅಂದರೆ ಒಂದು ಪಾಲು ರಂಜಕಕ್ಕೆ ಎರಡು ಪಾಲಿನಷ್ಟಾದರೂ ಕ್ಯಾಲ್ಸಿಯಂ. ಇನ್ನು ಸಿರಿಂಜಿನಿಂದ ಬಲವಂತವಾಗಿ ಉಣಿಸುವುದಂತೂ, ಅದು ಏನೇ ಇರಲಿ, ಈಗ ಬೇಡವೇ ಬೇಡ. ಇಗುವಾನ ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ತಿಂದ ಸೊಪ್ಪನ್ನು ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಹುದುಗಿಸಿ ಅರಗಿಸುತ್ತವೆ, ಮತ್ತು ಮೈ ತಣ್ಣಗಿದ್ದರೆ ಆ ಕೆಲಸ ನಿಂತುಹೋಗುತ್ತದೆ. ತಣ್ಣಗಿರುವ, ನೀರಾರಿದ ಮರಿಯ ಹೊಟ್ಟೆಗೆ ತುರುಕಿದ್ದು ಅಲ್ಲೇ ಕೊಳೆಯುತ್ತದೆ, ಇಲ್ಲವೇ ಶ್ವಾಸನಾಳಕ್ಕೆ ಇಳಿಯುತ್ತದೆ. ಮೊದಲು ಬಿಸಿ, ಆಮೇಲೆ ನೀರು, ಊಟ ಕೊನೆಗೆ ಎಂದು ನಾನು ಹೇಳುತ್ತಿರುವುದು ಇದಕ್ಕಾಗಿಯೇ.

ವೀಡಿಯೊದಲ್ಲಿ ನನ್ನ ಮನಸ್ಸಿಗೆ ಚುಚ್ಚಿದ್ದು ಮರಿಯ ತೊಡೆಗಳು. ‘ತಿನ್ನದಿದ್ದರೂ ತೊಡೆ ಮಾತ್ರ ದುಂಡಗಿದೆ’ ಎಂದು ನೀನು ಸಮಾಧಾನದಿಂದ ಬರೆದಿದ್ದೀಯ. ನಾನು ಸಾಕಿದ ಮೊದಲ ಮರಿಗೂ ಹೀಗೆಯೇ ಆಗಿತ್ತು, ನಾನೂ ಮೈ ಕೈ ತುಂಬಿಕೊಳ್ಳುತ್ತಿದೆ ಎಂದು ಸಂತೋಷಪಟ್ಟಿದ್ದೆ. ವೈದ್ಯರು ಅದರ ಕೆಳದವಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿದಾಗ ಅದು ಒದ್ದೆ ರಟ್ಟಿನ ಹಾಗೆ ಬಾಗಿತು; ಎಕ್ಸ್‌ರೇಯಲ್ಲಿ ಮೂಳೆ ಯಾವುದು, ಮಾಂಸ ಯಾವುದು ಎಂದು ಬೇರೆಬೇರೆಯಾಗಿ ಕಾಣುತ್ತಲೇ ಇರಲಿಲ್ಲ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಆಹಾರದಿಂದ ಸಿಗದೆ ಹೋದಾಗ ದೇಹವು ಅದನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ, ಸೊರಗಿದ ಮೂಳೆಯ ಸುತ್ತ ನಾರಿನಂಥ ಅಂಗಾಂಶ ಬೆಳೆಯುತ್ತದೆ. ನಮಗೆ ಪುಷ್ಟಿಯಾಗಿ ಕಾಣುವುದು ಆ ಬಾವು. ನೀನು ದವಡೆಯನ್ನು ಒತ್ತಿ ನೋಡಬೇಡ, ಅದನ್ನು ವೈದ್ಯರಿಗೆ ಬಿಡು.

ಗೂಡನ್ನು ಕಿಟಕಿಯ ಪಕ್ಕದಲ್ಲಿ ಇಟ್ಟಿರುವುದರಿಂದ ಬಿಸಿಲಿಗೆ ಕೊರತೆಯಿಲ್ಲ ಎಂದು ಅಣ್ಣ ಬರೆದಿದ್ದಾನೆ. ಅಣ್ಣಾ, ಈ ಕಾಯಿಲೆಯ ಬೇರು ಅಲ್ಲೇ ಇರುವಂತೆ ನನಗೆ ಕಾಣುತ್ತದೆ. ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗಲು ಬೇಕಾದ ಯುವಿಬಿ ಎಂಬ ನೇರಳಾತೀತ ಕಿರಣಗಳನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ, ಆ ವಿಟಮಿನ್ ಇಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಬಿಸಿ ಕೊಡುವ ಸಾಮಾನ್ಯ ಬಲ್ಬಿನಿಂದ ಯುವಿಬಿ ಬರುವುದಿಲ್ಲ. ಸರೀಸೃಪಗಳಿಗೆಂದೇ ಮಾಡಿದ ಯುವಿಬಿ ಟ್ಯೂಬ್ ಬೇಕು, ಅದರ ಮತ್ತು ಮರಿಯ ನಡುವೆ ಗಾಜಾಗಲಿ ಪ್ಲಾಸ್ಟಿಕ್ ಆಗಲಿ ಇರಕೂಡದು. ಹಾಗೆಂದು ಮರಿಯನ್ನು ಗಾಜಿನ ತೊಟ್ಟಿಯ ಸಮೇತ ಬಿಸಿಲಿಗೆ ಒಯ್ದು ಇಡಬೇಡಿ, ಕೆಲವೇ ನಿಮಿಷಗಳಲ್ಲಿ ಒಳಗೆ ಬೆಂದುಹೋಗುತ್ತದೆ. ಟ್ಯೂಬನ್ನು ದಿನಕ್ಕೆ 12 ಗಂಟೆ ಉರಿಸಿ, ರಾತ್ರಿ ಕತ್ತಲಾಗಿರಲಿ. 6ರಿಂದ 12 ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕಾಗುತ್ತದೆ, ಏಕೆಂದರೆ ಬೆಳಕು ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗಿನ ಯುವಿಬಿ ಕ್ಷೀಣಿಸಿರುತ್ತದೆ.

ಈಗ, ವೈದ್ಯರ ಬಳಿ ಹೋಗುವ ತನಕ. ಮರಿ ಮೈ ಕಾಯಿಸಿಕೊಳ್ಳುವ ಜಾಗದಲ್ಲಿ 35ರಿಂದ 38 ಡಿಗ್ರಿ ಸೆಲ್ಸಿಯಸ್, ಗೂಡಿನ ಇನ್ನೊಂದು ತುದಿಯಲ್ಲಿ 27 ಡಿಗ್ರಿಯ ಆಸುಪಾಸು ಇರಲಿ; ಕೈಯಿಟ್ಟು ಅಂದಾಜು ಮಾಡಬೇಡ, ಥರ್ಮಾಮೀಟರ್ ಇಟ್ಟು ನೋಡು. ಕೆಳಗಿನಿಂದ ಕಾಯುವ ಕಲ್ಲನ್ನು ತೆಗೆದುಬಿಡು, ಹೊಟ್ಟೆ ಸುಟ್ಟರೂ ಈ ಪ್ರಾಣಿಗಳು ಅದರ ಮೇಲಿಂದ ಏಳದೆ ಇರುವುದುಂಟು. ಮರಿ ಚೆನ್ನಾಗಿ ಬೆಚ್ಚಗಾದ ಮೇಲೆ, ಸುಮಾರು 30 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ಬಿಡು. ನೀರು ಅದರ ಮೊಣಕೈ ಮಟ್ಟಕ್ಕಿಂತ ಮೇಲೆ ಬರಬಾರದು, ನೀನು ಪಕ್ಕದಿಂದ ಏಳಬಾರದು, ಏಕೆಂದರೆ ಇಷ್ಟು ಸೋತ ಮರಿಗೆ ತಲೆ ಎತ್ತಿಹಿಡಿಯುವ ಶಕ್ತಿಯೂ ಇರುವುದಿಲ್ಲ. ಹತ್ತುವ ಕೊಂಬೆಗಳನ್ನೆಲ್ಲ ತೆಗೆದು ನೆಲಕ್ಕೆ ಮೆತ್ತನೆಯ ಬಟ್ಟೆ ಹಾಸು. ಈ ಸ್ಥಿತಿಯಲ್ಲಿ ಒಂದು ಗೇಣು ಎತ್ತರದಿಂದ ಬಿದ್ದರೂ ಮೂಳೆ ಮುರಿಯಬಹುದು.

ಎತ್ತಿಕೊಳ್ಳುವಾಗ ಮೇಲಿನಿಂದ ಕೈ ಹಾಕಬೇಡ. ಅದರ ನೆತ್ತಿಯ ಮೇಲೆ ಮಸುಕಾದ ಒಂದು ಚುಕ್ಕೆ ಕಾಣುತ್ತದೆ ನೋಡು, ಅದು ಬೆಳಕು ಮತ್ತು ನೆರಳಿನ ಬದಲಾವಣೆಯನ್ನು ಗುರುತಿಸುವ ಮೂರನೆಯ ಕಣ್ಣು. ಮೇಲೆ ನೆರಳು ಬಿದ್ದರೆ ಹದ್ದು ಬಂದಂತೆ ಹೆದರಿ ಕೊಸರಾಡುತ್ತದೆ, ಆಗ ಕಾಲು ಮುರಿಯುತ್ತದೆ ಅಥವಾ ಬಾಲ ಕಳಚುತ್ತದೆ. ಪಕ್ಕದಿಂದ ಅಂಗೈಯನ್ನು ಎದೆಯ ಕೆಳಗೆ ಜಾರಿಸಿ, ಇಡೀ ಮೈಗೆ ಆಧಾರ ಕೊಟ್ಟು ಎತ್ತು. ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆದುಕೊ, ನೋಡಲು ಆರೋಗ್ಯವಾಗಿರುವ ಇಗುವಾನದಿಂದಲೂ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ರೋಗಾಣು ಹರಡುತ್ತದೆ. ಅಡುಗೆಮನೆಯ ಪಾತ್ರೆಯಲ್ಲಿ ಅದಕ್ಕೆ ಸ್ನಾನ ಮಾಡಿಸಬೇಡ, ಚಿಕ್ಕ ತಮ್ಮನನ್ನು ಸದ್ಯಕ್ಕೆ ದೂರವಿಡು.

ಕ್ಯಾಲ್ಸಿಯಂ ಅನ್ನು ಬಾಯಿಗೆ ಕೊಡಬೇಕೇ, ಚುಚ್ಚುಮದ್ದಾಗಿ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಡಿ3 ಹನಿಗಳನ್ನು ನೀವೇ ತಂದು ಹಾಕಬೇಡಿ, ಅದು ಹೆಚ್ಚಾದರೂ ಅಪಾಯವೇ. ಊಟದ ವಿಚಾರವನ್ನು ಮರಿ ಚೇತರಿಸಿಕೊಂಡ ಮೇಲೆ ವಿವರವಾಗಿ ಮಾತಾಡೋಣ; ಸದ್ಯಕ್ಕೆ, ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನೆನಪಿರಲಿ, ದಿನವೂ ಅದನ್ನೇ ಹಾಕುತ್ತಿದ್ದರೆ ನಿಲ್ಲಿಸಿ.

ಹೊರಡುವಾಗ ಮರಿಯನ್ನು ದಿಂಬಿನ ಚೀಲದಲ್ಲಿ ಸಡಿಲವಾಗಿ ಇಟ್ಟು, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಳಗೆ ಇಳಿಸು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಬದಿಗೆ ಮಾತ್ರ ಇಡು. ಗೂಡಿನ ಫೋಟೊ, ಬಲ್ಬಿನ ಖಾಲಿ ಡಬ್ಬಿ, ಸಿಕ್ಕರೆ ಹೊಸದಾದ ಹಿಕ್ಕೆ, ಇವನ್ನೂ ಜೊತೆಗೆ ಒಯ್ಯಿ. ಅಲ್ಲಿ ತೂಗಿದಾಗ ಎಷ್ಟು ಗ್ರಾಂ ಬಂತೆಂದು ಬರೆದುಕೊಂಡು ಗುಂಪಿನಲ್ಲಿ ಹಾಕು ಪುಟ್ಟಿ, ನಾಳೆಯಿಂದ ದಿನವೂ ಅದೇ ಹೊತ್ತಿಗೆ ತೂಗಿ ಹೋಲಿಸಬೇಕು. ಫೋನನ್ನು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.