ಯುಪಿಐ ಜಮೆ, ಜಿಎಸ್‌ಟಿ ನೋಟಿಸು: ಸಣ್ಣ ವರ್ತಕರ ಬಳಗದಲ್ಲಿ ಪ್ರಶ್ನೋತ್ತರ

ನಿರ್ವಾಹಕರು: 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ಆಧರಿಸಿ ವಾಣಿಜ್ಯ ತೆರಿಗೆಗಳ ಇಲಾಖೆ ಕಳುಹಿಸಿರುವ ನೋಟಿಸುಗಳ ಬಗ್ಗೆ ಬಳಗದಲ್ಲಿ ಗೊಂದಲ ಹೆಚ್ಚಾಗಿದೆ. 2025ರ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆಯಲ್ಲಿ ಭರವಸೆ ನೀಡಿದ ಮೇಲೆ, ನೋಟಿಸುಗಳನ್ನು ವಿರೋಧಿಸಿ ವರ್ತಕರು ಕರೆದಿದ್ದ 25ರ ಬಂದ್ ಕೈಬಿಡಲಾಯಿತಾದರೂ ಪ್ರಶ್ನೆಗಳು ನಿಂತಿಲ್ಲ. ನಮ್ಮ ಬಳಗದ ತೆರಿಗೆ ಸಲಹೆಗಾರರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಒಬ್ಬರು ಒಂದೇ ಪ್ರಶ್ನೆ ಕೇಳಿ.

ತರಕಾರಿ ಅಂಗಡಿ, ಗದಗ: ನಮಸ್ಕಾರ ಸರ್. ನಾನು ಮಾರುವುದು ತರಕಾರಿ ಮಾತ್ರ. ವರ್ಷಕ್ಕೆ 40 ಲಕ್ಷ ದಾಟಿದೆ ಎಂದು ನೋಟಿಸು ಬಂದಿದೆ. ನಾನು ನೋಂದಣಿ ಮಾಡಿಸಬೇಕೇ?

ತೆರಿಗೆ ಸಲಹೆಗಾರರು: ನಮಸ್ಕಾರ. ತಾಜಾ ತರಕಾರಿಗೆ ತೆರಿಗೆಯಿಲ್ಲ. ವಿನಾಯಿತಿ ಸರಕನ್ನು ಮಾತ್ರ ಮಾರುವವರು, ವಹಿವಾಟು ಎಷ್ಟೇ ಇರಲಿ, ಜಿಎಸ್‌ಟಿ ಕಾಯ್ದೆಯ 23ನೆಯ ಕಲಮಿನ ಪ್ರಕಾರ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ನೀವು ತರಕಾರಿಯವರು ಎಂಬುದು ಬ್ಯಾಂಕಿನ ಜಮೆಯಲ್ಲಿ ಕಾಣುವುದಿಲ್ಲವಾದ್ದರಿಂದ, ಎಪಿಎಂಸಿ ಖರೀದಿ ಚೀಟಿಗಳನ್ನೂ ಅಂಗಡಿಯ ಫೋಟೊಗಳನ್ನೂ ಸೇರಿಸಿ ಲಿಖಿತ ಉತ್ತರ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

ಕಾಂಡಿಮೆಂಟ್ಸ್, ತುಮಕೂರು: ಸರ್, ನನ್ನದು ಚಹಾ, ಬನ್ನು, ಬಿಸ್ಕತ್ತು, ಸಿಗರೇಟಿನ ಅಂಗಡಿ. ವರ್ಷಕ್ಕೆ 31 ಲಕ್ಷ ಆಗುತ್ತದೆ. 40 ಲಕ್ಷದೊಳಗೇ ಇರುವುದರಿಂದ ನಾನು ನಿಶ್ಚಿಂತನಲ್ಲವೇ?

ತೆರಿಗೆ ಸಲಹೆಗಾರರು: ಅಲ್ಲ. ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಎಂಬ ಮಿತಿ ಸರಕನ್ನು ಮಾತ್ರ ಮಾರುವವರಿಗೆ ಅನ್ವಯಿಸುತ್ತದೆ. ಅಂಗಡಿಯಲ್ಲಿ ಚಹಾ ಕಾಯಿಸಿ ಕೊಡುವುದನ್ನು ಕಾಯ್ದೆ ಸೇವೆಯೆಂದು ಎಣಿಸುತ್ತದೆ. ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಸಂಘದ ಕರಪತ್ರಗಳಲ್ಲಿ ಇದು ಸಣ್ಣ ಅಕ್ಷರದಲ್ಲೂ ಇರುವುದಿಲ್ಲ. ನಿಮಗೆ ನೋಟಿಸು ಬಂದಿರಲಿ, ಬಾರದಿರಲಿ, ಈ ತಿಂಗಳೇ ನೋಂದಣಿಗೆ ಅರ್ಜಿ ಹಾಕಿ.

ಫ್ಯಾನ್ಸಿ ಸ್ಟೋರ್, ಹಾಸನ: ಎಲ್ಲರ ಗಮನಕ್ಕೆ, ಬೇರೊಂದು ಬಳಗದಿಂದ ಬಂದಿದೆ: "ನೋಟಿಸಿಗೆ ಉತ್ತರಿಸಬೇಡಿ, ಮುಖ್ಯಮಂತ್ರಿಗಳ ಭರವಸೆಯಿಂದ ಅದು ತಾನಾಗಿಯೇ ರದ್ದಾಗಿದೆ. ಕ್ಯೂಆರ್ ಸ್ಟಿಕರ್ ಕಿತ್ತುಹಾಕಿ, ಖಾತೆ ಮುಚ್ಚಿ. ಬಂದ ಹಣವೆಲ್ಲ ಸ್ನೇಹಿತರು ಕೊಟ್ಟ ಕೈಸಾಲ ಎಂದು 100 ರೂಪಾಯಿಯ ಛಾಪಾ ಕಾಗದದಲ್ಲಿ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. 2000 ರೂಪಾಯಿ ಮೀರಿದ ಯುಪಿಐಗೆ ಜಿಎಸ್‌ಟಿ ಬರುತ್ತಿದೆ." ಇದು ನಿಜವೇ ಸರ್?

ತೆರಿಗೆ ಸಲಹೆಗಾರರು: ನಾಲ್ಕು ಸಾಲಿನಲ್ಲಿ ನಾಲ್ಕು ಸುಳ್ಳು. ಯುಪಿಐ ಪಾವತಿಗೆ ಜಿಎಸ್‌ಟಿ ಹಾಕುವ ಪ್ರಸ್ತಾಪವೇ ಇಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಏಪ್ರಿಲ್‌ನಲ್ಲೇ ಹೇಳಿದೆ. ಸ್ಟಿಕರ್ ಕಿತ್ತರೆ ಗೋಡೆ ಖಾಲಿಯಾಗುತ್ತದೆಯೇ ಹೊರತು ಇಲಾಖೆಯ ಬಳಿ ಈಗಾಗಲೇ ಇರುವ ಮಾಹಿತಿ ಖಾಲಿಯಾಗುವುದಿಲ್ಲ. ದಿನಕ್ಕೆ ಇನ್ನೂರು ಜನ ಹತ್ತು, ಇಪ್ಪತ್ತು ರೂಪಾಯಿ ಕೈಸಾಲ ಕೊಟ್ಟರೆಂದು ಪ್ರಮಾಣ ಮಾಡುವವರು, ಸಾಲ ಕೊಟ್ಟವರ ಹೆಸರುಗಳನ್ನು ಆದಾಯ ತೆರಿಗೆ ಇಲಾಖೆ ಕೇಳಿದಾಗ ಏನು ಹೇಳುತ್ತಾರೆ? ಸುಳ್ಳು ಪ್ರಮಾಣಪತ್ರ ತೆರಿಗೆ ಬಾಕಿಗಿಂತ ದೊಡ್ಡ ಅಪರಾಧ. ಭರವಸೆಯ ವಿಷಯಕ್ಕೆ ಬಂದರೆ, ಜಿಎಸ್‌ಟಿಯಲ್ಲಿ ಅರ್ಧ ರಾಜ್ಯದ ಪಾಲು, ಅರ್ಧ ಕೇಂದ್ರದ ಪಾಲು, ಹಾಗಾಗಿ ರಾಜ್ಯವೊಂದೇ ಅದನ್ನು ಬಿಟ್ಟುಕೊಡಲಾಗದು. ಸಭೆಯಲ್ಲಿ ಆಡಿದ ಮಾತು, ಅದು ಎಷ್ಟೇ ಸದುದ್ದೇಶದ್ದಾಗಿದ್ದರೂ, ನಿಮ್ಮ ಹೆಸರಿಗೆ ಲಿಖಿತ ಆದೇಶವಾಗಿ ಬರುವವರೆಗೆ ನೋಟಿಸು ನೋಟಿಸೇ. ಇಂಥದ್ದನ್ನು ಇನ್ನು ಇಲ್ಲಿ ಹಾಕಬೇಡಿ.

ಹಾಲಿನ ಬೂತ್, ದಾವಣಗೆರೆ: ಸರ್, ನನ್ನ ಯಜಮಾನರು ತೀರಿಕೊಂಡ ಮೇಲೆ ಬೂತನ್ನು ನಾನೇ ನಡೆಸುತ್ತಿದ್ದೇನೆ. 2023-24ರಲ್ಲಿ ನನ್ನ ಖಾತೆಗೆ 58 ಲಕ್ಷ ಜಮೆಯಾಗಿದೆ ಎಂದೂ ಅದಕ್ಕೆ ಶೇ 18ರಂತೆ ತೆರಿಗೆ ಕೊಡಬೇಕೆಂದೂ ನೋಟಿಸಿನಲ್ಲಿದೆ. ಹಾಲಿನಲ್ಲಿ ನನಗೆ ಉಳಿಯುವುದು ಲೀಟರಿಗೆ ಒಂದೆರಡು ರೂಪಾಯಿ. ಅದೇ ಖಾತೆಗೆ ಬೀದಿಯವರ ಚೀಟಿ ಹಣ, ಮಗಳು ಕಳುಹಿಸುವ ಹಣ, ಅಕ್ಕಪಕ್ಕದವರ ಕರೆಂಟ್ ಬಿಲ್ಲಿನ ಹಣ ಎಲ್ಲವೂ ಬರುತ್ತದೆ. ಮನೆ ಮಾರಿದರೂ ಇಷ್ಟು ಹಣ ಹುಟ್ಟುವುದಿಲ್ಲ.

ತೆರಿಗೆ ಸಲಹೆಗಾರರು: ಅಮ್ಮಾ, ಮೊದಲು ಧೈರ್ಯ ತಂದುಕೊಳ್ಳಿ. ಬ್ಯಾಂಕ್ ವಿವರಪಟ್ಟಿಯನ್ನು ನೋಡಿ, 58 ಲಕ್ಷದಲ್ಲಿ ಯಾವುದು ಎಷ್ಟು ಎಂದು ಅಂದಾಜಾಗಿ ಬರೆಯಬಲ್ಲಿರಾ?

ಹಾಲಿನ ಬೂತ್, ದಾವಣಗೆರೆ: ಮಗ ಲೆಕ್ಕ ಹಾಕಿದ್ದಾನೆ. ಹಾಲು 26 ಲಕ್ಷ. ಪೊಟ್ಟಣದ ಮೊಸರು 8 ಲಕ್ಷ, ತುಪ್ಪ 4 ಲಕ್ಷ, ಬಿಸ್ಕತ್ತು, ಸೋಪು ಇತ್ಯಾದಿ 8 ಲಕ್ಷ. ಚೀಟಿ 6 ಲಕ್ಷ, ಮಗಳು ಕಳುಹಿಸಿದ್ದು 2 ಲಕ್ಷ, ಕರೆಂಟ್ ಬಿಲ್ಲು 4 ಲಕ್ಷ.

ತೆರಿಗೆ ಸಲಹೆಗಾರರು: ಇಷ್ಟು ಸ್ಪಷ್ಟವಾಗಿ ಬರೆದಿದ್ದಕ್ಕೆ ಧನ್ಯವಾದ. ಇದನ್ನು ಎಲ್ಲರೂ ಗಮನಿಸಬೇಕೆಂದು ವಿವರವಾಗಿ ಉತ್ತರಿಸುತ್ತೇನೆ.

ಮಗಳ ಹಣ ವ್ಯಾಪಾರವಲ್ಲ. ಬೇರೆಯವರ ಕರೆಂಟ್ ಬಿಲ್ಲಿಗಾಗಿ ಪಡೆದು ಅಷ್ಟನ್ನೇ ಕಟ್ಟಿದ ಹಣವೂ ನಿಮ್ಮ ಮಾರಾಟವಲ್ಲ. ನಿಮಗೆ ಕಮಿಷನ್ ಸಿಕ್ಕಿದ್ದರೆ ಅದಷ್ಟೇ ಲೆಕ್ಕಕ್ಕೆ ಬರುತ್ತದೆ. ಚೀಟಿಯ 6 ಲಕ್ಷದ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನೂ ಬಿಟ್ಟರೆ ಉಳಿದ 46 ಲಕ್ಷ ನಿಮ್ಮ ವಹಿವಾಟು. ಹಾಲಿಗೆ ತೆರಿಗೆಯಿಲ್ಲ, ನಿಜ. ಆದರೆ ತೆರಿಗೆಯಿರುವ ಸರಕನ್ನೂ ಜೊತೆಗೆ ಮಾರುವವರಿಗೆ ಮಿತಿಯನ್ನು ಎಣಿಸುವಾಗ ಹಾಲಿನ 26 ಲಕ್ಷವೂ ಸೇರುತ್ತದೆ. ಗದಗದ ತರಕಾರಿಯವರಿಗೂ ನಿಮಗೂ ಇರುವ ವ್ಯತ್ಯಾಸ ಇದೇ. ಆದ್ದರಿಂದ ನೀವು ನೋಂದಣಿ ಮಾಡಿಸಬೇಕಾಗಿತ್ತು. ನಗದು ಮಾರಾಟ ಇದ್ದರೆ ಅದೂ ಇದರ ಮೇಲೆ ಸೇರುತ್ತದೆ.

ಆದರೆ ತೆರಿಗೆ ಬೀಳುವುದು ಮೊಸರು, ತುಪ್ಪ, ಬಿಸ್ಕತ್ತು, ಸೋಪು ಸೇರಿದ 20 ಲಕ್ಷಕ್ಕೆ ಮಾತ್ರ, ಅದೂ ಎಲ್ಲಕ್ಕೂ ಶೇ 18 ಅಲ್ಲ. ಆ ವರ್ಷ ಪೊಟ್ಟಣದ ಮೊಸರಿಗೆ ಶೇ 5, ತುಪ್ಪಕ್ಕೆ ಶೇ 12, ಬಿಸ್ಕತ್ತು, ಸೋಪಿಗೆ ಶೇ 18 ಇತ್ತು. ನೀವು ಗಿರಾಕಿಯಿಂದ ಪಡೆದ ಬೆಲೆಯೊಳಗೇ ತೆರಿಗೆ ಅಡಗಿದೆ ಎಂದು ವಾದಿಸಲು ಜಿಎಸ್‌ಟಿಯ 35ನೆಯ ನಿಯಮ ಅವಕಾಶ ಕೊಡುತ್ತದೆ. ಹಾಗೆ ಬಿಡಿಸಿದರೆ ಮೊಸರಿಗೆ ಸುಮಾರು 38 ಸಾವಿರ, ತುಪ್ಪಕ್ಕೆ 43 ಸಾವಿರ, ಉಳಿದುದಕ್ಕೆ 1.22 ಲಕ್ಷ, ಒಟ್ಟು ಸುಮಾರು 2.03 ಲಕ್ಷ ರೂಪಾಯಿ, ಅದರ ಮೇಲೆ ಬಡ್ಡಿ. ನೋಟಿಸಿನ ಲೆಕ್ಕ 10.44 ಲಕ್ಷ. ಇಷ್ಟು ಅಂತರ ನೀವು ಉತ್ತರಿಸಿದರೆ ಮಾತ್ರ ಇಲಾಖೆಗೆ ಗೊತ್ತಾಗುತ್ತದೆ.

ಅಂದೇ ನೋಂದಣಿ ಮಾಡಿಸಿ ರಾಜಿ ತೆರಿಗೆ ಪದ್ಧತಿಯನ್ನು, ಎಲ್ಲರೂ ಕಾಂಪೊಸಿಷನ್ ಎನ್ನುವುದನ್ನು, ಆರಿಸಿಕೊಂಡಿದ್ದರೆ ಆ 20 ಲಕ್ಷಕ್ಕೆ ಶೇ 1ರಂತೆ 20 ಸಾವಿರ ರೂಪಾಯಿಯಲ್ಲಿ ಮುಗಿಯುತ್ತಿತ್ತು. ಒಂದೂವರೆ ಕೋಟಿಯವರೆಗಿನ ವರ್ತಕರಿಗೆ ಈ ದಾರಿ ಇದೆ. ಹಿಂದಿನ ದಿನಾಂಕಕ್ಕೆ ಅದನ್ನು ಪಡೆಯಲಾಗದು, ಇಂದಿನಿಂದ ಪಡೆಯಬಹುದು.

ನನಗೆ ಆತಂಕವಿರುವುದು ತೆರಿಗೆಯ ಬಗ್ಗೆ ಅಲ್ಲ, ಆ 6 ಲಕ್ಷದ ಚೀಟಿಯ ಬಗ್ಗೆ. ನೋಂದಾಯಿಸದ ಚೀಟಿ ನಡೆಸುವುದು 1982ರ ಚಿಟ್ ಫಂಡ್ ಕಾಯ್ದೆಯಡಿ ಅಪರಾಧ. ತೆರಿಗೆ ಉಳಿಸಿಕೊಳ್ಳಲು ನೋಟಿಸಿನ ಉತ್ತರದಲ್ಲಿ ಅದನ್ನು ಬರೆದರೆ ಇನ್ನೊಂದು ಕಾನೂನಿನ ಬಾಗಿಲು ತೆರೆಯುತ್ತದೆ. ಮಾರಾಟವೆಂದು ಸುಳ್ಳು ಬರೆದರೆ ಇಲ್ಲದ ತೆರಿಗೆ ಮೈಮೇಲೆ ಬರುತ್ತದೆ. ಚೀಟಿ ನಡೆಸಿದವರು ನೀವೋ, ನೀವು ಕೇವಲ ಸದಸ್ಯರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಉತ್ತರ ಸಲ್ಲಿಸುವ ಮುನ್ನ ವಕೀಲರೊಬ್ಬರನ್ನು ಕಾಣಿ, ಚೀಟಿ ಪುಸ್ತಕವನ್ನು ಹರಿಯಬೇಡಿ, ಅದರ ವಿವರವನ್ನು ಈ ಬಳಗದಲ್ಲಿ ಇನ್ನು ಬರೆಯಬೇಡಿ.

ಮೊಬೈಲ್ ಅಂಗಡಿ, ಮಂಡ್ಯ: ಸರ್, ಕ್ಯೂಆರ್ ತೆಗೆದು ನಗದು ಮಾತ್ರ ಎಂದು ಬೋರ್ಡ್ ಹಾಕಬಹುದೇ?

ತೆರಿಗೆ ಸಲಹೆಗಾರರು: ಬೋರ್ಡ್ ಹಾಕುವುದು ನಿಮ್ಮ ಇಷ್ಟ. ತೆರಿಗೆ ಮಾರಾಟಕ್ಕೆ, ಪಾವತಿಯ ವಿಧಾನಕ್ಕಲ್ಲ.

ಅರ್ಥಶಾಸ್ತ್ರ ಉಪನ್ಯಾಸಕರು, ಧಾರವಾಡ: ಸಲಹೆಗಾರರ ಮಾತು ಕಾನೂನಿನ ಮಟ್ಟಿಗೆ ಸರಿ. ಆದರೆ ಜನರ ನಡವಳಿಕೆ ಕಾನೂನಿನಂತೆ ಸಾಗುವುದಿಲ್ಲ. ಘಾನಾ ದೇಶ 2022ರ ಮೇ ತಿಂಗಳಿನಿಂದ ಮೊಬೈಲ್ ಹಣ ವರ್ಗಾವಣೆಗೆ ಶೇ 1.5ರ ತೆರಿಗೆ ಹಾಕಿತು. ಜನ ನಗದಿನತ್ತ ಸರಿದರು. ದರವನ್ನು ಶೇ 1ಕ್ಕೆ ಇಳಿಸಿ, ಕೊನೆಗೆ 2025ರಲ್ಲಿ ಆ ತೆರಿಗೆಯನ್ನೇ ರದ್ದು ಮಾಡಿದರು. ಉಗಾಂಡಾ 2018ರಲ್ಲಿ ಶೇ 1 ಹಾಕಿ ಕೆಲವೇ ತಿಂಗಳಲ್ಲಿ ಹಿಂದೆ ಸರಿದು, ಹಣ ಹಿಂಪಡೆಯುವಾಗ ಮಾತ್ರ ಶೇ 0.5 ಎಂದಿತು. ಬಡ ದೇಶಗಳಲ್ಲಿ ಲೆಕ್ಕಕ್ಕೆ ಸಿಗುವ ವ್ಯವಹಾರವೇ ಕಡಿಮೆ. ಸಿಕ್ಕವರನ್ನೇ ಮೊದಲು ಹಿಡಿದರೆ ಉಳಿದವರು ಲೆಕ್ಕದಿಂದ ದೂರವೇ ಉಳಿಯುತ್ತಾರೆ.

ತೆರಿಗೆ ಸಲಹೆಗಾರರು: ಆ ಎರಡು ದೇಶಗಳಲ್ಲಿ ತೆರಿಗೆ ಹಾಕಿದ್ದು ವರ್ಗಾವಣೆಗೇ, ತಾಯಿಗೆ ಹಣ ಕಳುಹಿಸಿದವನೂ ಕಟ್ಟಬೇಕಾಯಿತು. ಇಲ್ಲಿ ಯುಪಿಐ ಕೇವಲ ಸಾಕ್ಷಿ. ಆದರೆ ಸಾಕ್ಷಿಯನ್ನು ವಿಚಾರಿಸದೆ ನಾಲ್ಕು ವರ್ಷದ ಜಮೆಯನ್ನು ಒಟ್ಟಿಗೆ ಮಾರಾಟವೆಂದು ಬರೆದ ಇಲಾಖೆಯೂ ಅದೇ ಭಯವನ್ನು ಹುಟ್ಟಿಸಿತು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಮೊದಲ ವರ್ಷ 40 ಲಕ್ಷ ದಾಟಿದಾಗಲೇ ಒಂದು ಕಾಗದ ಬಂದಿದ್ದರೆ ದಾವಣಗೆರೆಯ ಆ ತಾಯಿ 20 ಸಾವಿರದಲ್ಲಿ ಹೊರಬರುತ್ತಿದ್ದರು, ಸರ್ಕಾರಕ್ಕೂ ಪ್ರತಿವರ್ಷ ತೆರಿಗೆ ಕಟ್ಟುವ ಒಬ್ಬ ವರ್ತಕರು ಸಿಗುತ್ತಿದ್ದರು.

ಹಾರ್ಡ್‌ವೇರ್, ಶಿವಮೊಗ್ಗ: ಇದರಲ್ಲಿ ಮುಚ್ಚುಮರೆ ಏನಿದೆ? ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಹೆಚ್ಚು ಬೇಕು. ಅದನ್ನು ಚಹಾ ಅಂಗಡಿಯವನ ಜೇಬಿನಿಂದ ತೆಗೆಯುತ್ತಿದ್ದಾರೆ.

ಕಿರಾಣಿ, ಕಲಬುರಗಿ: ಅಣ್ಣಾ, ಗೃಹಲಕ್ಷ್ಮಿಯ 2000 ರೂಪಾಯಿ ತಿಂಗಳಾ ನಮ್ಮ ಅಂಗಡಿಗಳಿಗೇ ಬರುತ್ತಿದೆ, ಅದನ್ನು ಯಾಕೆ ಹೇಳುವುದಿಲ್ಲ? ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಹದಿನಾಲ್ಕನೆಯ ಹಣಕಾಸು ಆಯೋಗ ನಮ್ಮ ರಾಜ್ಯಕ್ಕೆ ಕೊಟ್ಟ ಪಾಲು ಶೇ 4.713, ಹದಿನೈದನೆಯದು ಅದನ್ನು ಶೇ 3.647ಕ್ಕೆ ಇಳಿಸಿತು. ಕಿತ್ತುಕೊಂಡವರನ್ನು ಬಿಟ್ಟು, ಕೊಟ್ಟವರನ್ನು ಬಯ್ಯುತ್ತೀರಿ.

ಹಾರ್ಡ್‌ವೇರ್, ಶಿವಮೊಗ್ಗ: ನೋಟಿಸು ಕಳುಹಿಸಿದ್ದು ದೆಹಲಿಯೋ, ಬೆಂಗಳೂರೋ? ಕಾಗದದ ಮೇಲಿನ ಮೊಹರು ಓದಲು ಬರುತ್ತದೆಯಲ್ಲವೇ?

ಕಿರಾಣಿ, ಕಲಬುರಗಿ: ಓದಲು ಬರುತ್ತದೆ ಸ್ವಾಮಿ. ಜಿಎಸ್‌ಟಿ ಕಾಯ್ದೆ ಯಾರು ತಂದರು ಎಂಬುದನ್ನೂ ಓದಿದ್ದೇನೆ.

ಅರ್ಥಶಾಸ್ತ್ರ ಉಪನ್ಯಾಸಕರು, ಧಾರವಾಡ: ಇಬ್ಬರೂ ಅರ್ಧ ಹೇಳುತ್ತಿದ್ದೀರಿ. 2017ರಲ್ಲಿ ರಾಜ್ಯಗಳು ತಮ್ಮ ಮಾರಾಟ ತೆರಿಗೆಯ ಅಧಿಕಾರವನ್ನು ಬಿಟ್ಟುಕೊಟ್ಟಾಗ, ವರ್ಷಕ್ಕೆ ಶೇ 14ರ ಬೆಳವಣಿಗೆಗೆ ಕಡಿಮೆಯಾದುದನ್ನು ಐದು ವರ್ಷ ತುಂಬಿಕೊಡುವುದಾಗಿ ಕೇಂದ್ರ ಒಪ್ಪಿತ್ತು. ಆ ಪರಿಹಾರ 2022ರ ಜೂನ್‌ಗೆ ಮುಗಿಯಿತು. ದರ ಏರಿಸುವ ಅಧಿಕಾರ ಒಂದು ರಾಜ್ಯದ ಕೈಯಲ್ಲಿಲ್ಲ. ಉಳಿದಿರುವುದು ಮದ್ಯ, ಪೆಟ್ರೋಲು, ಮುದ್ರಾಂಕ ಶುಲ್ಕ ಮತ್ತು ಇರುವ ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡುವುದು. ಗ್ಯಾರಂಟಿ ಇರದಿದ್ದರೂ ಯಾವ ಪಕ್ಷದ ಸರ್ಕಾರವಾದರೂ ಯುಪಿಐ ಪಟ್ಟಿಯ ಮೇಲೆ ಕಣ್ಣು ಹಾಕುತ್ತಿತ್ತು. ನನ್ನ ಆಕ್ಷೇಪ ಮಿತಿಯ ಬಗ್ಗೆ. 39 ಲಕ್ಷದಲ್ಲಿರುವ ಅಂಗಡಿ 41 ಲಕ್ಷಕ್ಕೆ ಬೆಳೆದರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು ಎಂದಾದಾಗ ಅದು ಬೆಳೆಯುವುದಿಲ್ಲ, ಇನ್ನೊಬ್ಬನನ್ನು ಕೆಲಸಕ್ಕೂ ಇಟ್ಟುಕೊಳ್ಳುವುದಿಲ್ಲ.

ಬೇಕರಿ, ಮೈಸೂರು: ಅದಕ್ಕೇ ನಾವು ಹೆಂಡತಿಯ ಹೆಸರಿನಲ್ಲಿ ಇನ್ನೊಂದು ಕ್ಯೂಆರ್ ಇಟ್ಟಿದ್ದೇವೆ. ಎರಡೂ 40ರ ಒಳಗೆ.

ತೆರಿಗೆ ಸಲಹೆಗಾರರು: ಒಂದೇ ಒಲೆ, ಒಂದೇ ಗಲ್ಲಾಪೆಟ್ಟಿಗೆ, ಎರಡು ಕ್ಯೂಆರ್. ಇದನ್ನು ವಿಭಜನೆ ಎನ್ನುವುದಿಲ್ಲ, ವಂಚನೆ ಎನ್ನುತ್ತಾರೆ. ವಂಚನೆಯಾದರೆ ದಂಡ ತೆರಿಗೆಯಷ್ಟೇ ಆಗುತ್ತದೆ. ಉಪನ್ಯಾಸಕರಿಗೆ ಒಂದು ಮಾತು: 40 ಲಕ್ಷದ ಗೋಡೆ ಎಲ್ಲರೂ ಭಾವಿಸಿರುವಷ್ಟು ಎತ್ತರವಿಲ್ಲ. ಅದರಾಚೆ ರಾಜಿ ಪದ್ಧತಿಯ ಶೇ 1, ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ರಿಟರ್ನ್. ಹೊರೆ ಇರುವುದು ಬೇರೆಡೆ: ಆ ಪದ್ಧತಿಯಲ್ಲಿರುವವರು ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ, ತಾವು ಖರೀದಿಸುವಾಗ ಕಟ್ಟಿದ ತೆರಿಗೆಯನ್ನು (ಹೂಡುವಳಿ ತೆರಿಗೆ) ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಹಾಗಾಗಿ ಹೋಟೆಲಿಗೋ ಕಾರ್ಖಾನೆಗೋ ಸರಬರಾಜು ಮಾಡುವ ಮಟ್ಟಕ್ಕೆ ಅಂಗಡಿ ಬೆಳೆದಾಗ ನಿಜವಾದ ಗೋಡೆ ಎದುರಾಗುತ್ತದೆ. ಇನ್ನೊಂದು ಬದಿಯೂ ಇದೆ. ಬ್ಯಾಂಕಿನವರು ಸಣ್ಣ ಅಂಗಡಿಗೆ ಸಾಲ ಕೊಡುವಾಗ ನೋಡುವುದು ಇದೇ ಜಮೆಗಳನ್ನು. ನಗದಿಗೆ ಮರಳಿದವರು ತೆರಿಗೆಯಿಂದ ಪಾರಾಗುವುದಿಲ್ಲ, ಬಡ್ಡಿಗೆ ಕೊಡುವವರ ಮನೆಬಾಗಿಲಿಗೆ ಹೋಗುತ್ತಾರೆ.

ಹಾರ್ಡ್‌ವೇರ್, ಶಿವಮೊಗ್ಗ: ಸಲಹೆಗಾರರಿಗೆ ನೋಂದಣಿ ಹೆಚ್ಚಾದಷ್ಟೂ ಶುಲ್ಕ ಹೆಚ್ಚು. ಅವರು ಬೇರೆ ಏನು ಹೇಳುತ್ತಾರೆ?

ತೆರಿಗೆ ಸಲಹೆಗಾರರು: ನೋಂದಣಿಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ, ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ನನ್ನ ಬಳಿ ಬರಬೇಡಿ.

ನಿರ್ವಾಹಕರು: ವೈಯಕ್ತಿಕ ಮಾತು ಬೇಡ. ಶಿವಮೊಗ್ಗ, ಕಲಬುರಗಿ ಇಬ್ಬರೂ ಸ್ವಲ್ಪ ಹೊತ್ತು ಬರೆಯಬೇಡಿ.

ಟೈಲರಿಂಗ್, ಉಡುಪಿ: ಸರ್, ಬಟ್ಟೆ ಗಿರಾಕಿಯದು, ಹೊಲಿಗೆ ಮಾತ್ರ ನಮ್ಮದು. ಇದಕ್ಕೆ ಮಿತಿ ಎಷ್ಟು?

ಮೊಬೈಲ್ ಅಂಗಡಿ, ಮಂಡ್ಯ: ಸರ್, ಕ್ಯೂಆರ್ ವಿಷಯ ಇನ್ನೊಮ್ಮೆ ಸ್ಪಷ್ಟಪಡಿಸಿ.

ತೆರಿಗೆ ಸಲಹೆಗಾರರು: ಮೇಲೆ ಓದಿ.

ಹೂವಿನ ಅಂಗಡಿ, ಚಿಕ್ಕಬಳ್ಳಾಪುರ: ಸರ್, ಈಗ ನೋಂದಣಿ ಮಾಡಿಸಿದರೆ ಹಳೆಯ ವರ್ಷಗಳನ್ನೂ ಕೆದಕುತ್ತಾರೆಯೇ?

ಫ್ಯಾನ್ಸಿ ಸ್ಟೋರ್, ಹಾಸನ: ಸರ್, ಇನ್ನೊಂದು ಬಂದಿದೆ, ಇದು ವಕೀಲರೇ ಬರೆದಿದ್ದು ಎನ್ನುತ್ತಾರೆ: "ನೋಟಿಸಿನಲ್ಲಿ ಅಧಿಕಾರಿಯ ಶಾಯಿಯ ಸಹಿ ಇಲ್ಲದಿದ್ದರೆ..."

ತೆರಿಗೆ ಸಲಹೆಗಾರರು: ಹಾಸನದವರೇ, ಇದು ಎರಡನೆಯ ಸಲ. ನಿಮ್ಮ ಮಾತು ನಂಬಿ ಉತ್ತರ ಕೊಡದೆ ಕುಳಿತವರ ಮೇಲೆ ಏಕಪಕ್ಷೀಯ ಆದೇಶವಾದರೆ, ಮೇಲ್ಮನವಿ ಸಲ್ಲಿಸಲು ಸಿಗುವುದು ಮೂರು ತಿಂಗಳು, ವಿವಾದದ ತೆರಿಗೆಯ ಶೇ 10ನ್ನು ಮೊದಲೇ ಕಟ್ಟಬೇಕು. ಅದನ್ನು ನೀವು ಕಟ್ಟುತ್ತೀರಾ? ನಿರ್ವಾಹಕರೇ, ಇಂಥ ಸಂದೇಶಗಳನ್ನು ಅಳಿಸದಿದ್ದರೆ ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ನಿರ್ವಾಹಕರು: ಅಳಿಸಲಾಗಿದೆ.

ಹಾಲಿನ ಬೂತ್, ದಾವಣಗೆರೆ: ಸರ್, ಕ್ಷಮಿಸಿ, ಮತ್ತೆ ಕೇಳುತ್ತಿದ್ದೇನೆ. ವಕೀಲರು ಸೋಮವಾರ ಸಿಗುತ್ತಾರಂತೆ, ನೋಟಿಸಿನ ಗಡುವು ಶುಕ್ರವಾರವೇ ಮುಗಿಯುತ್ತದೆ.

ತೆರಿಗೆ ಸಲಹೆಗಾರರು: ಹಾಗಾದರೆ ಗುರುವಾರದೊಳಗೆ ಒಂದು ಪುಟದ ಮನವಿ ಕೊಡಿ. ಬ್ಯಾಂಕ್ ವಿವರಪಟ್ಟಿಯನ್ನು ವಿಂಗಡಿಸುತ್ತಿರುವುದಾಗಿಯೂ, ಹಾಲಿನ ಮಾರಾಟ ವಿನಾಯಿತಿಗೆ ಸೇರಿದ್ದೆಂದೂ, ಎಲ್ಲ ಜಮೆಗಳೂ ಮಾರಾಟವಲ್ಲವೆಂದೂ, ಪೂರ್ಣ ಉತ್ತರಕ್ಕೆ ಹದಿನೈದು ದಿನ ಕಾಲಾವಕಾಶ ಮತ್ತು ಖುದ್ದು ವಿಚಾರಣೆ ಬೇಕೆಂದೂ ಬರೆಯಿರಿ. ಡೇರಿಯಿಂದ ಹಾಲು ಖರೀದಿಸಿದ ಬಿಲ್ಲುಗಳ ಪ್ರತಿ ಲಗತ್ತಿಸಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ. ಕರಡು ಬರೆದು ನನಗೆ ಪ್ರತ್ಯೇಕವಾಗಿ ಕಳುಹಿಸಿ, ನೋಡಿ ಕೊಡುತ್ತೇನೆ, ಶುಲ್ಕ ಬೇಡ.

ಮೊಬೈಲ್ ಅಂಗಡಿ, ಮಂಡ್ಯ: ಮೇಲೆ ಎಂದರೆ ಯಾವ ಸಂದೇಶ ಸರ್?