ಕ್ರೋಮ್‌ನ್ಯಾಗ ಚಲನ್ ಪ್ರಿಂಟ್ ಬರವಲ್ದು

ಹುಬ್ಬಳ್ಳಿಯಿಂದ: ಚಲನ್ ತುಂಬಿ ‘ಪ್ರಿಂಟ್’ ಒತ್ತಿದ್ರ ಏನೂ ತೆರೀವಲ್ದ್ರಿ. ಒಮ್ಮೊಮ್ಮೆ ಬಂದ್ರೂ ಬಲಗಡೆ ಮೊತ್ತ ಅರ್ಧ ಕಾಣಂಗಿಲ್ಲ. ಏನ್ ಮಾಡ್ಬೇಕು?

ಗದಗದಿಂದ: ಮೊದಲ, ಮತ್ತ ಮತ್ತ ಒತ್ತಬ್ಯಾಡ್ರಿ. ಎರಡೆರಡು ಚಲನ್ ಹುಟ್ಟಿದ್ರ ರದ್ದು ಮಾಡ್ಸೋದು ಭಾಳ ತ್ರಾಸು. ಕ್ರೋಮ್ ಪಾಪ್‌ಅಪ್ (ತಾನಾಗೇ ತೆರೆಯೋ ಹೊಸ ಕಿಟಕಿ) ತಡದೈತಿ. ವಿಳಾಸಪಟ್ಟಿಯ ಬಲತುದಿಗೆ ಸಣ್ಣ ಕಿಟಕಿಯಂಥಾ ಗುರುತು ಬರ್ತೈತಿ, ಅದನ್ನ ಒತ್ತಿ ‘ಆಲ್ವೇಸ್ ಅಲೌ’ ಆರಿಸಿ ‘ಡನ್’ ಒತ್ರಿ. ತಡದ ಕಿಟಕಿಯ ಲಿಂಕ್ ಅಲ್ಲೇ ಇರ್ತೈತಿ, ಫಾರ್ಮ್ ಮತ್ತ ತುಂಬೋದು ಬ್ಯಾಡ.

ಧಾರವಾಡದಿಂದ: ಮೊತ್ತ ಕತ್ತರಿಸೋದು ಹಾಳಿ ಅಳತಿಯಿಂದ. ಪ್ರಿಂಟ್ ಕಿಟಕಿಯೊಳಗ ‘ಮೋರ್ ಸೆಟ್ಟಿಂಗ್ಸ್’ ತೆಗೀರಿ, ಹಾಳಿ ಅಳತಿ ‘ಲೆಟರ್’ ಇದ್ರ ‘ಎ4’ ಮಾಡ್ರಿ. ಲೆಟರ್ 216 ಮಿ.ಮೀ. ಅಗಲ, ಎ4 ಬರೇ 210. ಕಡೀ ಅಂಕಿ ಹೋಗೋದು ಆ 6 ಮಿ.ಮೀ.ದಾಗ.

ಹಾವೇರಿಯಿಂದ: ಹಂಗೂ ಕೂಡ್ಲಿಲ್ಲಂದ್ರ ಅಲ್ಲೇ ‘ಸ್ಕೇಲ್’ (ಅಚ್ಚಿನ ಗಾತ್ರ) 90ಕ್ಕ ಇಳಸ್ರಿ.